ಬೇರೆಯವರ ಕನ್ನಡಕ

"ಇದು ನೀವೇ ತಾನೆ?" ಇನ್ಸ್‌ಪೆಕ್ಟರಮ್ಮ ಕೇಳಿದರು.

ಯಜಮಾನರು ಫೋಟೋದ ಮೇಲಿಂದ ಕಣ್ಣು ಕೀಳಲಿಲ್ಲ. ಕನ್ನಡಕದಂಗಡಿಯ ಹಿಂದಿನ ಕೋಣೆ ಅದು. ಮೂಲೆಯಲ್ಲಿ ಗಾಜು ಉಜ್ಜುವ ಮಷೀನು, ಗೋಡೆ ತುಂಬ ಮೊಳೆಗೆ ತಗುಲಿಹಾಕಿದ ಹಳೇ ಫ್ರೇಮುಗಳು. ಮೇಜಿನ ದೀಪದ ಕೆಳಗೆ ಅವರದೇ ಮುಖ ಅವರನ್ನೇ ದಿಟ್ಟಿಸುತ್ತಿತ್ತು.

"ನಾನೇ. ಮೂಗು ನಂದೇ, ಕಿವಿ ನಂದೇ. ಆ ಅಂಗಿ ಕೂಡ ನಂದೇ."

"ಹಾಗಾದ್ರೆ ನೋಂದಣಿ ಕಚೇರಿಗೆ ಹೋಗಿದ್ದೂ ನೀವೇ."

ಬದುಕಿಡೀ ದುಡಿದು ಕಟ್ಟಿಸಿದ ಮನೆ, ಕೆಳಗಿನ ಅಂಗಡಿ ಸಮೇತ, ತಮ್ಮದೇ ಸಹಿ ಇರುವ ದಾನಪತ್ರದ ಮೇಲೆ ಮಗಳ ಹೆಸರಿಗೆ ಹೋಗಿದೆ ಎಂದು ಕಳೆದ ವಾರ ತಿಳಿದಾಗಿನಿಂದ ಅವರದು ಒಂದೇ ಮಾತು: ಆ ಕಚೇರಿ ಯಾವ ಬೀದಿಯಲ್ಲಿದೆ ಅನ್ನುವುದೂ ನನಗೆ ಗೊತ್ತಿಲ್ಲ.

ಈಗ ಅದೇ ಕಚೇರಿಯ ಕ್ಯಾಮೆರಾ ತೆಗೆದ ಫೋಟೋ ಎದುರಿಗಿತ್ತು. ಇನ್ಸ್‌ಪೆಕ್ಟರಮ್ಮ ಯಾರ್ಯಾರನ್ನೋ ಹಿಡಿದು ದೊಡ್ಡದು ಮಾಡಿಸಿ ತಂದಿದ್ದರು. ಪೊಲೀಸ್ ಕೆಲಸದಿಂದ ನಿವೃತ್ತರಾಗಿ ವರ್ಷಗಳಾದರೂ ಆ ಹೆಸರು ಅವರನ್ನು ಬಿಟ್ಟಿರಲಿಲ್ಲ, ಅವರೂ ಅದನ್ನು ಬಿಟ್ಟಿರಲಿಲ್ಲ. ಓದುವ ಕನ್ನಡಕ ಸರಿಮಾಡಿಸಲು ಬಂದವರು ಯಜಮಾನರ ಕಥೆ ಕೇಳಿ ಕುರ್ಚಿ ಎಳೆದುಕೊಂಡು ಕೂತವರು, ಇನ್ನೂ ಎದ್ದಿರಲಿಲ್ಲ.

ಯಜಮಾನರು ಭೂತಗನ್ನಡಿ ಎತ್ತಿಕೊಂಡರು. ಪೇಟೆಯಲ್ಲಿ ಅವರನ್ನು ಎಲ್ಲರೂ ಯಜಮಾನರು ಎಂದೇ ಕರೆಯುವುದು. ಈ ವಾರದಿಂದ ಆ ಮಾತು ಕಿವಿಗೆ ಬಿದ್ದಾಗೆಲ್ಲ ಯಾರೋ ಅಣಕಿಸಿದ ಹಾಗಾಗುತ್ತಿತ್ತು. ಯಾತರ ಯಜಮಾನರು?

"ಕಣ್ಣು ನಂದಲ್ಲ," ಅಂದರು ಕೊನೆಗೆ.

ಇನ್ಸ್‌ಪೆಕ್ಟರಮ್ಮ ಬಾಯಲ್ಲಿದ್ದ ಪೆಪ್ಪರಮಿಂಟನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿದರು. "ಮೂಗು, ಕಿವಿ ನಿಮ್ದು. ಕಣ್ಣು ಮಾತ್ರ ಬಾಡಿಗೇದಾ?"

"ತಮಾಷೆ ಅಲ್ಲಮ್ಮ. ನೋಡಿ ಇಲ್ಲಿ, ಈ ಕನ್ನಡಕದ ಹಿಂದೆ ಎಷ್ಟು ಚಿಕ್ಕದಾಗಿ ಕಾಣ್ತಿದೆ." ಅವರು ಜೇಬಿನಿಂದ ತಮ್ಮ ಕನ್ನಡಕ ತೆಗೆದು ಏರಿಸಿಕೊಂಡರು. "ಈಗ ನನ್ನ ಕಣ್ಣು ನೋಡಿ. ಹೇಗಿದೆ?"

"ಗೂಬೆ ಕಣ್ಣಿದ್ದ ಹಾಗಿದೆ."

"ಹಾಂ. ಪೊರೆ ತೆಗೆಸಿದ್ಮೇಲೆ ನನಗೆ ದೂರದ್ದೆಲ್ಲ ಬರಿಗಣ್ಣಿಗೇ ಕಾಣುತ್ತೆ. ಓದೋಕೆ ಮಾತ್ರ ಇದು ಬೇಕು. ಪ್ಲಸ್ ನಂಬರು. ಪ್ಲಸ್ ಗಾಜಿನ ಹಿಂದೆ ಕಣ್ಣು ದೊಡ್ಡದಾಗಿ ಕಾಣುತ್ತೆ. ಮೈನಸ್ ಗಾಜಿನ ಹಿಂದೆ ಚಿಕ್ಕದಾಗಿ ಕಾಣುತ್ತೆ. ಈ ಕೆನ್ನೆಯ ಗೆರೆ ನೋಡಿ, ಗಾಜಿನೊಳಗೆ ಬಂದ ಕೂಡ್ಲೇ ಒಳಕ್ಕೆ ಮುರಿದುಕೊಂಡಿದೆ. ದಪ್ಪ ಮೈನಸ್ ಗಾಜು. ಇದನ್ನ ನನ್ನ ಮೂಗಿನ ಮೇಲಿಟ್ರೆ ಎದುರಿಗಿರೋದು ಮನುಷ್ಯನೋ ಕಂಬವೋ ಗೊತ್ತಾಗಲ್ಲ."

"ಕಾಗದ ಓದೋಕಾಗುತ್ತಾ?"

"ಬಿಳೀದು ಅನ್ನೋದು ಗೊತ್ತಾಗಬಹುದು."

ಇನ್ಸ್‌ಪೆಕ್ಟರಮ್ಮ ಕುರ್ಚಿಯನ್ನು ಮುಂದಕ್ಕೆಳೆದರು. "ಅಂದ್ರೆ ನೀವು ಓದಬಾರದು ಅಂತ್ಲೇ ಯಾರೋ ಬೇರೆಯವರ ಕನ್ನಡಕ ಹಾಕಿಸಿದ್ದಾರೆ."

"ಇನ್ನೊಂದಿದೆ. ಕಣ್ಣಿನ ಪಾಪೆ ನೋಡಿ. ನಡುವಿನ ಕಪ್ಪು ಸುತ್ತಲಿನ ಕಂದು ಬಣ್ಣವನ್ನೆಲ್ಲ ನುಂಗಿಬಿಟ್ಟಿದೆ. ಪಾಪೆ ಹಿಗ್ಗೋಕೆ ಔಷಧಿ ಹಾಕಿದ ಕಣ್ಣು ಇದು. ಅವತ್ತು ಬೆಳಿಗ್ಗೆ ನಾನು ಕಣ್ಣಾಸ್ಪತ್ರೆಗೆ..."

ಮಾತು ಅಲ್ಲಿಗೇ ನಿಂತಿತು. ಭೂತಗನ್ನಡಿ ಫೋಟೋದ ಮೇಲೆ ಸ್ವಲ್ಪ ಎಡಕ್ಕೆ ಸರಿದು, ಅಲುಗದೆ ಕೂತಿತು. ಆಮೇಲೆ ಯಜಮಾನರು ಅದನ್ನು ಕೆಳಗಿಟ್ಟು ಫೋಟೋವನ್ನು ಬೋರಲು ಹಾಕಿದರು.

"ಕಣ್ಣಾಸ್ಪತ್ರೆಗೆ ಯಾರ ಜೊತೆ ಹೋಗಿದ್ರಿ?"

"ನೆನಪಿಲ್ಲ."

ಇನ್ಸ್‌ಪೆಕ್ಟರಮ್ಮ ಬೋರಲು ಬಿದ್ದ ಫೋಟೋ ನೋಡಿದರು. ಅವರ ದನಿ ಎಂದಿಗಿಂತ ಮೆತ್ತಗಾಯಿತು. "ಯಜಮಾನ್ರೇ, ಜನರ ಸುಳ್ಳು ಕೇಳೋಕೇ ಸಂಬಳ ತಗೊಂಡೋಳು ನಾನು. ಒಂದು ವಾರದಿಂದ ನಿಮ್ಮ ಜೊತೆ ಕೂತಿದೀನಿ. ನೀವು ನೆನಪಿಲ್ಲ ಅಂದಿದ್ದು ಇದೇ ಮೊದಲು."

ಮುಂದಿನ ಕೋಣೆಯಲ್ಲಿ ಮಗ ಯಾರಿಗೋ ಫ್ರೇಮು ತೋರಿಸುತ್ತಿದ್ದ ಸದ್ದು ಕೇಳಿಸುತ್ತಿತ್ತು. ಯಜಮಾನರು ಬಾಗಿಲನ್ನು ಮುಂದಕ್ಕೆ ತಳ್ಳಿ ಬಂದು ಕೂತರು. ಫೋಟೋವನ್ನು ಮತ್ತೆ ಮಗುಚಿದರು.

"ಕಿವಿಗೆ ಸಿಗಿಸೋ ಎಡಗಡೆ ಕಡ್ಡಿ ನೋಡಿ. ಫ್ರೇಮು ಕೆಂಗಂದು, ಕಡ್ಡಿ ಮಾತ್ರ ಕಪ್ಪು. ಹೊಸದರಲ್ಲೇ ಮುರ್ಕೊಂಡು ಬಂದಿದ್ಲು. ಅದಕ್ಕೆ ಹೊಂದೋದು ಸಿಗಲಿಲ್ಲ ಅಂತ ಬೇರೆ ಫ್ರೇಮಿನ ಕಡ್ಡಿ ಕೂರಿಸಿದೆ. ಬಣ್ಣ ಒಪ್ತಿಲ್ಲ ಕಣೇ ಅಂದೆ. ಯಾರಪ್ಪ ನೋಡ್ತಾರೆ ಅಂದ್ಲು."

ಯಾರು ಅಂತ ಇನ್ಸ್‌ಪೆಕ್ಟರಮ್ಮ ಕೇಳಲಿಲ್ಲ. ಕೇಳದೆ ಇದ್ದದ್ದೇ ಯಜಮಾನರಿಗೆ ಉಪಕಾರವಾಯಿತು.

ಈ ಏಳು ದಿನ ಊರೆಲ್ಲ ಮಗಳ ಕಡೆಗೇ ಬೆರಳು ತೋರಿಸುತ್ತಿದ್ದಾಗ, ಮಗ ತಂಗಿಯ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದಾಗ, ಅವರೊಬ್ಬರೇ ಅವಳ ಪರ ನಿಂತಿದ್ದರು. ಪುಟ್ಟಿಗೆ ಗೊತ್ತಿಲ್ಲದ ಹಾಗೆ ಯಾರೋ ಅವಳ ಹೆಸರನ್ನು ಎಳೆದು ತಂದಿದ್ದಾರೆ, ಅವಳಿಗೆ ಅಂಥ ಬುದ್ಧಿ ಇಲ್ಲ, ನಾನು ಹೆತ್ತ ಮಗಳು ನನಗೆ ಗೊತ್ತಿಲ್ಲವೇ ಅನ್ನುತ್ತಿದ್ದರು. ಮಗಳೂ ಅತ್ತು, ನಂಗೇನೂ ಗೊತ್ತಿಲ್ಲಪ್ಪ ಅಂದಿದ್ದಳು.

"ನೀವು ಇಲ್ಲೇ ಇರಿ. ಅವಳ ಹತ್ರ ನಾನೊಬ್ಬಳೇ ಮಾತಾಡಿ ಬರ್ತೀನಿ," ಅಂದರು ಇನ್ಸ್‌ಪೆಕ್ಟರಮ್ಮ.

"ಬೇಡಮ್ಮ. ನನ್ನ ಮುಖ ನೋಡ್ಕೊಂಡು ಹೇಳ್ಲಿ."

ಚಪ್ಪಲಿ ಮೆಟ್ಟುವಾಗ ಫೋನು ಬಂತು. ಯಜಮಾನರ ಮುಖದ ಬಿಗಿ ಸ್ವಲ್ಪ ಸಡಿಲಾಯಿತು. "ಹೂಂ ಕಣೋ... ಫೋಟೋ ಸಿಕ್ತು. ಏನೋ ಒಂದು ಗೊತ್ತಾಗಿದೆ. ಪುಟ್ಟಿಯ ಲ್ಯಾಬಿಗೆ ಹೊರಟಿದೀವಿ. ಬಂದ್ಮೇಲೆ ಎಲ್ಲ ಹೇಳ್ತೀನಿ, ಸಾಯಂಕಾಲ ಸಿಗು."

"ಯಾರದು?" ಇನ್ಸ್‌ಪೆಕ್ಟರಮ್ಮ ಕೇಳಿದರು.

"ನನ್ನ ವಕೀಲ. ವಕೀಲ ಅನ್ನೋದಕ್ಕಿಂತ ಗೆಳೆಯ. ಚಡ್ಡಿ ಹಾಕ್ಕೋತಿದ್ದ ಕಾಲದಿಂದ ಜೊತೆಗಿದ್ದವನು. ಅವನಿಗೆ ಹೇಳದೆ ನಾನು ಒಂದು ಗುಂಡುಸೂಜಿ ಕೊಂಡವನಲ್ಲ."

"ಯಾರಿಗೂ ಏನೂ ಹೇಳಬೇಡಿ ಅಂದಿದ್ದೆ."

"ಅವನು 'ಯಾರೋ' ಅಲ್ಲಮ್ಮ."

ಅಂಗಡಿ ದಾಟುವಾಗ ಮಗ ಗಲ್ಲಾದ ಹಿಂದಿನಿಂದ ತಲೆಯೆತ್ತಿದ. "ಮಗಳನ್ನ ನೋಡೋಕಾ? ಹೋಗಿ ಹೋಗಿ. ಬರೋವಾಗ ಕೇಳ್ಕೊಂಡು ಬನ್ನಿ, ನಾವು ಯಾವಾಗ ಗಂಟುಮೂಟೆ ಕಟ್ಟಬೇಕು ಅಂತ."

ಯಜಮಾನರು ತಿರುಗಿ ನೋಡದೆ ಬೀದಿಗೆ ಇಳಿದರು.

* * *

ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಜನ ಕಡಿಮೆ. ಒಳಗಿನ ಕೋಣೆಯಲ್ಲಿ ಬಣ್ಣಬಣ್ಣದ ಮುಚ್ಚಳದ ಸಣ್ಣ ಕೊಳವೆಗಳು ಸಾಲಾಗಿ ನಿಂತಿದ್ದವು. ರಕ್ತವನ್ನು ಗಿರಗಿರ ತಿರುಗಿಸುವ ಮಷೀನು ಗುಂಯ್‌ಗುಡುತ್ತಿತ್ತು. ಸ್ಪಿರಿಟ್ಟಿನ ವಾಸನೆ. ಬಿಳಿ ಕೋಟು ತೊಟ್ಟ ಮಗಳು ಕೊಳವೆಗೆ ಚೀಟಿ ಅಂಟಿಸುತ್ತಿದ್ದವಳು ಅಪ್ಪನನ್ನು ಕಂಡು ಮೊದಲು ನಕ್ಕಳು. ಹಿಂದೆ ನಿಂತವರನ್ನು ಕಂಡ ಮೇಲೆ ನಗು ಅರ್ಧಕ್ಕೇ ನಿಂತಿತು.

ಅವಳ ಮೂಗಿನ ಮೇಲೆ ಕೆಂಗಂದು ಫ್ರೇಮು. ಎಡಗಡೆ ಕಪ್ಪು ಕಡ್ಡಿ.

"ಕನ್ನಡಕ ಜಾರ್ತಿದೆಯಲ್ಲೇ. ಕೊಡಿಲ್ಲಿ," ಅಂದರು ಯಜಮಾನರು.

ಚಿಕ್ಕಂದಿನಿಂದ ಬಂದ ರೂಢಿ. ಅಪ್ಪ ಕೈಚಾಚಿದರೆ ಕನ್ನಡಕ ಕೊಡುವುದು. ಅವಳು ತೆಗೆದು ಕೊಟ್ಟಳು. ಯಜಮಾನರು ಅದೇ ರೂಢಿಯಲ್ಲಿ ಜೇಬಿನ ಮೆತ್ತನೆ ಬಟ್ಟೆಯಿಂದ ಎರಡೂ ಗಾಜು ಒರೆಸಿದರು. ಆಮೇಲೆ ಮೇಜಿನ ಮೇಲೆ ಫೋಟೋ ಬಿಡಿಸಿಟ್ಟು, ಅದರ ಪಕ್ಕಕ್ಕೆ ಕನ್ನಡಕ ಇಟ್ಟರು.

"ಏನಪ್ಪ ಅದು?"

"ನೀನೇ ನೋಡು." ಅವರು ಒಂದು ಕ್ಷಣ ಬಿಟ್ಟು ಹೇಳಿದರು. "ಓ, ಕನ್ನಡಕ ಇಲ್ದೆ ನಿಂಗೆ ಕಾಣಲ್ಲ ಅಲ್ವಾ. ಅವತ್ತು ನಂಗೂ ಹಾಗೇ ಆಗಿತ್ತು."

ಮಗಳು ಬಗ್ಗಿ, ಕಣ್ಣು ಕಿರಿದು ಮಾಡಿ, ಫೋಟೋಗೆ ಮುಖ ತಾಗುವಷ್ಟು ಹತ್ತಿರ ಹೋದಳು. ಹಾಗೇ ಬಗ್ಗಿಯೇ ಇದ್ದಳು. ಎದ್ದು ನಿಂತರೆ ಅಪ್ಪನ ಮುಖ ನೋಡಬೇಕಾಗುತ್ತಿತ್ತು.

ಮಷೀನು ತಿರುಗುವುದನ್ನು ನಿಲ್ಲಿಸಿ ಕೀಂಕೀಂ ಎಂದು ಕೂಗಿತು. ಅದರ ಹತ್ತಿರ ಯಾರೂ ಹೋಗಲಿಲ್ಲ.

"ಆಸ್ಪತ್ರೆಯಿಂದ ಹೊರಗೆ ಬಂದಾಗ, ಸಹಿ ಹಾಕೋಕೆ ಬೇಕಾಗುತ್ತೆ ಅಂತ ನೀನು ಇದನ್ನ ನಂಗೆ ಹಾಕಿದೆ. ನಾನು ಹೇಳಿದೆ, ಇದು ನಂದಲ್ಲ ಕಣೇ, ಭಾರ ಇದೆ ಅಂತ. ನೀನು ಏನಂದೆ?"

"ಅಪ್ಪ..."

"ಏನಂದೆ ಹೇಳು."

"ಡ್ರಾಪ್ಸ್ ಹಾಕಿದ್ದಾರಲ್ಲ, ಅದಕ್ಕೇ ಹಾಗನ್ಸುತ್ತೆ ಅಂದೆ. ನಾನು ಹಳೇದೊಂದು ಹಾಕ್ಕೊಂಡಿದ್ದೆ."

"ಬದುಕಿಡೀ ಕನ್ನಡಕ ಹಿಡಿದ ಕೈ ಇದು. ಈ ಕೈ ಹೇಳಿದ್ದನ್ನ ನಂಬ್ಲಿಲ್ಲ. ನಿನ್ನ ಮಾತು ನಂಬಿದೆ. ವಯಸ್ಸಾಯ್ತು, ಕೈಗೂ ಮರೆವು ಬಂತೇನೋ ಅನ್ಕೊಂಡು ಮನೆಗೆ ಬಂದು ಕೂತೆ."

ಇನ್ಸ್‌ಪೆಕ್ಟರಮ್ಮ ಮೊದಲ ಸಲ ಬಾಯಿ ತೆರೆದರು. "ದಾರೀಲಿ ನೀನು ಒಂದು ಕಚೇರಿ ಹತ್ರ ನಿಲ್ಸಿದ್ದೆ. ಏನಂತ ಹೇಳಿದ್ದೆ?"

"ಆರೋಗ್ಯ ವಿಮೆ. ವಯಸ್ಸಾದೋರು ಖುದ್ದಾಗಿ ಬಂದು ಫೋಟೋ ತೆಗೆಸ್ಕೋಬೇಕು, ಸಹಿ ಹಾಕಬೇಕು ಅಂತ."

"ಅಲ್ಲೊಬ್ರು ಕೇಳಿದ್ರು," ಅಂದರು ಯಜಮಾನರು. ಈಗ ಆ ದಿನ ಒಂದೊಂದೇ ತುಂಡಾಗಿ ಮರಳಿ ಬರುತ್ತಿತ್ತು. ಲಿಫ್ಟು, ಮಂಜಿನ ಹಿಂದೆ ಓಡಾಡುವ ಜನ, ಮೊಣಕೈ ಹಿಡಿದ ಮಗಳ ಬೆಚ್ಚನೆ ಕೈ. "ಒಪ್ಪಿ ಕೊಡ್ತಿದೀರಾ ಅಂತ ಕೇಳಿದ್ರು. ಹೂಂ ಅಂದೆ. ವಿಮೆಗೆ ಒಪ್ಪದೆ ಇರೋಕೇನಿದೆ?"

ಮಗಳು ಎದ್ದು ನಿಂತಳು. ಕಣ್ಣು ತುಂಬಿತ್ತು. ಆದರೆ ಯಜಮಾನರು ಎದುರು ನೋಡಿದ್ದ ಅಳು ಅಲ್ಲ ಅದು.

"ಯಾಕೆ ಅಂತ ಕೇಳಲ್ವಾ?"

"ಕೇಳೋಕೇ ಬಂದಿದ್ದು."

"ಹಾಗಾದ್ರೆ ಮೊದ್ಲು ನೀವು ಹೇಳಿ. ನಿಮ್ಮ ಉಯಿಲಲ್ಲಿ ನನ್ನ ಹೆಸರೆಲ್ಲಿದೆ?"

ಯಜಮಾನರಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಇದೆಯಲ್ಲ."

"ಇದೆ. ಎಲ್ಲಿದೆ ಅಂತ ನಾನು ಹೇಳ್ಲಾ? 'ಮಗಳನ್ನು ಓದಿಸಿ ಕೆಲಸಕ್ಕೆ ಹಚ್ಚಿರುವುದರಿಂದ ಆಕೆಗೆ ಬೇರೆ ಪಾಲು ಸಲ್ಲತಕ್ಕದ್ದಲ್ಲ.' ಅಷ್ಟೇ ಇರೋದು. ಬಾಯಿಪಾಠ ಆಗಿದೆ ನಂಗೆ. ಮನೆ, ಅಂಗಡಿ, ಬ್ಯಾಂಕಲ್ಲಿರೋದು, ಎಲ್ಲ ಅಣ್ಣನಿಗೆ. ಅಮ್ಮ ಹಾಸಿಗೆ ಹಿಡಿದಾಗ ಬಳಿದು ತೊಳೆದಿದ್ದು ಯಾರು? ನಿಮ್ಮ ಕಣ್ಣು ಆಪರೇಷನ್ನಿಗೆ ರಜಾ ಹಾಕಿ ಪಕ್ಕದಲ್ಲಿ ಕೂತಿದ್ದು ಯಾರು? ನಂಗೆ ಆಸ್ತಿ ಬೇಕಿರ್ಲಿಲ್ಲಪ್ಪ. ಆ ಸಾಲು ಬೇಕಿರ್ಲಿಲ್ಲ."

"ನಾನು ಅದನ್ನ ಬರೆಸಿಲ್ಲ."

"ನಿಮ್ಮ ಸಹಿ ನಾನು ನೋಡಿದೀನಿ."

"ನಾನು ಬರೆಸಿಲ್ಲ ಕಣೇ." ಯಜಮಾನರ ದನಿ ಏರಲಿಲ್ಲ, ಇಳಿಯಿತು. "ನಾನಿರೋ ತನಕ ಮನೇಲಿ ನಾನಿರ್ತೀನಿ, ಯಾರೂ ಏಳು ಅನ್ನೋ ಹಾಗಿಲ್ಲ. ಆಮೇಲೆ ಕೆಳಗಿನ ಅಂಗಡಿ ಅವನಿಗೆ, ಮೇಲಿನ ಮನೆ ನಿನಗೆ. ಬ್ಯಾಂಕಲ್ಲಿರೋದು ಇಬ್ಬರಿಗೂ ಸಮ. ಅಮ್ಮನ ಒಡವೆ ಮಾತ್ರ ಪೂರ್ತಿ ನಿಂದು. ಇದು ನಾನು ಹೇಳಿ ಬರೆಸಿದ್ದು. ಬಾಯಿ ಬಿಟ್ಟು ಹೇಳಿದೀನಿ, ಎದುರಿಗೆ ಕೂತು."

"ಯಾರ ಎದುರಿಗೆ?" ಇನ್ಸ್‌ಪೆಕ್ಟರಮ್ಮ ಕೇಳಿದರು.

ಯಜಮಾನರು ಉತ್ತರಿಸುವ ಮೊದಲೇ ಅವರು ಮಗಳ ಕಡೆ ತಿರುಗಿದರು. "ನಿಂಗೆ ಉಯಿಲು ತೋರಿಸಿದ್ದು ಯಾರು?"

"ವಕೀಲ ಮಾಮ," ಅಂದಳು ಮಗಳು.

ಯಜಮಾನರು ಹತ್ತಿರದಲ್ಲಿದ್ದ ಸ್ಟೂಲನ್ನು ಕೈಯಿಂದ ತಡವಿ ಹುಡುಕಿ ಅದರ ಮೇಲೆ ಕೂತರು. ಯಾಕೋ ಅವರಿಗೆ ಮೊದಲು ನೆನಪಾದದ್ದು ಉಯಿಲಲ್ಲ, ಬೆಳಗಿನ ಪಾರ್ಕು. ದಿನಾ ಆ ಗೆಳೆಯನ ಜೊತೆ ಎರಡು ಸುತ್ತು ನಡೆದು ಅದೇ ಬೆಂಚಿನ ಮೇಲೆ ಕೂರುವುದು. ಸೊಸೆಯ ಮೇಲಿನ ಸಣ್ಣ ಸಿಟ್ಟಿನಿಂದ ಹಿಡಿದು ಸತ್ತ ಹೆಂಡತಿ ಕನಸಿನಲ್ಲಿ ಬಂದದ್ದರ ತನಕ ಎಲ್ಲವನ್ನೂ ಅವನ ಮುಂದೆ ಸುರಿಯುವುದು. ಈ ವಾರ ಇನ್ಸ್‌ಪೆಕ್ಟರಮ್ಮ ಎಲ್ಲಿಗೆ ಹೋದರು, ಯಾರನ್ನು ಕೇಳಿದರು, ಅದೂ ದಿನದ ದಿನ ಅವನ ಕಿವಿ ಸೇರಿತ್ತು. ಅವನು ತಲೆದೂಗುತ್ತ, "ಧೈರ್ಯವಾಗಿರೋ, ನಾನಿದೀನಲ್ಲ," ಅನ್ನುತ್ತಿದ್ದ.

"ಏನು ಹೇಳಿ ತೋರಿಸ್ದ?" ಯಜಮಾನರು ಕೇಳಿದರು.

"ನೋಡಿ ಸುಮ್ಮನಿರೋಕಾಗಲಿಲ್ಲ ಮಗಳೇ, ನೀನು ನನ್ನ ಕಣ್ಣೆದುರು ಬೆಳೆದೋಳು ಅಂದ್ರು. ನಾನು ತೋರಿಸಿದೆ ಅಂತ ನಿಮ್ಮಪ್ಪನಿಗೆ ಗೊತ್ತಾದ್ರೆ ನಮ್ಮ ಸ್ನೇಹ ಹೋಗುತ್ತೆ, ಅವನ ಹತ್ರ ಈ ಮಾತೆತ್ತಬೇಡ ಅಂದ್ರು. ದಾನಪತ್ರ ಮಾಡಿಸ್ಕೊಂಡುಬಿಡು, ನಿನ್ನ ಹೆಸರಿಗೆ ಬಂದ್ಮೇಲೆ ಅಣ್ಣನಿಗೆ ಅರ್ಧ ನೀನೇ ಕೊಡು, ಅಪ್ಪ ಮಾಡದ ನ್ಯಾಯ ನೀನು ಮಾಡು ಅಂದ್ರು. ಕೊಡೋಳೇ ಇದ್ದೆ ಅಪ್ಪ. ನಿಜವಾಗ್ಲೂ. ಕನ್ನಡಕದ ಉಪಾಯ..." ಅವಳು ತಲೆ ತಗ್ಗಿಸಿದಳು. "ಅದು ಅವರದಲ್ಲ. ನಂದೇ."

ಆ ಕೊನೆಯ ಮಾತು ಹೇಳದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು ಯಜಮಾನರಿಗೆ. ಹೇಳದಿದ್ದರೆ ಇಡೀ ತಪ್ಪನ್ನು ಇನ್ನೊಬ್ಬನ ತಲೆಗೆ ಕಟ್ಟಿ ಮಗಳನ್ನು ಮನೆಗೆ ಕರೆದುಕೊಂಡು ಹೋಗಬಹುದಿತ್ತು.

"ಉಯಿಲಿನ ಎಲ್ಲ ಹಾಳೆಗೂ ಸಹಿ ಹಾಕಿದ್ರಾ?" ಇನ್ಸ್‌ಪೆಕ್ಟರಮ್ಮ ಕೇಳಿದರು.

"ಕೊನೇದಕ್ಕೆ ಮಾತ್ರ. ಕೈ ನಡುಗುತ್ತೆ ನಂಗೆ. ಸಾಕು ಬಿಡೋ, ಮಿಕ್ಕಿದ್ದು ನಾನು ನೋಡ್ಕೋತೀನಿ ಅಂದ."

"ಒಳಗಿನ ಹಾಳೆ ಬದಲಾಯಿಸೋಕೆ ಎಷ್ಟು ಹೊತ್ತು ಬೇಕು. ಮಕ್ಕಳಿಗೆ ಯಾಕೆ ಹೇಳಿರ್ಲಿಲ್ಲ ನೀವು?"

"ಅದೂ ಅವನೇ. ಬದುಕಿರುವಾಗ್ಲೇ ಪಾಲು ಗೊತ್ತಾದ್ರೆ ಮಕ್ಕಳು ಬಂದು ಮಾತಾಡ್ಸೋದು ನಿಲ್ಲಿಸ್ತಾರೆ, ಗುಟ್ಟಾಗಿಡು ಅಂದ."

"ಫೀಸು ಎಷ್ಟು ತಗೊಂಡ್ರು?" ಇದು ಮಗಳಿಗೆ.

"ಒಂದು ಪೈಸೆ ತಗೊಳ್ಳಲಿಲ್ಲ."

"ಫೀಸು ಬೇಡ ಅನ್ನೋ ವಕೀಲ," ಇನ್ಸ್‌ಪೆಕ್ಟರಮ್ಮ ಪೆಪ್ಪರಮಿಂಟು ಕಟಕ್ಕನೆ ಕಡಿದರು. "ಅಲ್ಲೇ ಅನುಮಾನ ಬರಬೇಕಿತ್ತು. ಆದ್ರೆ ಒಂದು ಲೆಕ್ಕ ಹೊಂದ್ತಿಲ್ಲ. ಮನೆ ಹೋಗಿದ್ದು ನಿನ್ನ ಹೆಸರಿಗೆ. ಇದ್ರಲ್ಲಿ ಅವನಿಗೇನು ಬಂತು?"

ಅಷ್ಟರಲ್ಲಿ ಯಜಮಾನರ ಜೇಬಿನಲ್ಲಿ ಫೋನು ಅದುರಿತು. ಮಗ.

"ಅಪ್ಪ, ಎಲ್ಲಿದೀರ? ಆರಾಮಾಗಿದೀರ ತಾನೆ? ಯಾರಾದ್ರೂ ಬಂದು ಕರ್ಕೊಂಡು ಬರಬೇಕಾ?"

ಬೆಳಿಗ್ಗೆ ಗಂಟುಮೂಟೆಯ ಮಾತಾಡಿದವನ ದನಿ ಇದಲ್ಲ. ರೋಗಿಯ ಜೊತೆ ಮಾತಾಡುವ ದನಿ. ಇನ್ಸ್‌ಪೆಕ್ಟರಮ್ಮ ಕೈಸನ್ನೆ ಮಾಡಿದರು. ಯಜಮಾನರು ಎಲ್ಲರಿಗೂ ಕೇಳಿಸುವ ಹಾಗೆ ಫೋನನ್ನು ಮೇಜಿನ ಮೇಲಿಟ್ಟರು.

"ಏನಾಯ್ತೋ?"

"ಒಳ್ಳೇದೇ ಆಗಿದೆ. ಮನೆ ವಾಪಸ್ ಬರುತ್ತೆ. ವಕೀಲ ಮಾಮ ದಾರಿ ಹುಡುಕಿದ್ದಾರೆ. ಸಹಿ ಮಾಡುವಾಗ ನಿಮ್ಮ ಬುದ್ಧಿ ಸ್ಥಿಮಿತದಲ್ಲಿರ್ಲಿಲ್ಲ ಅಂತ ಕೋರ್ಟಿಗೆ ತೋರಿಸಿದ್ರೆ ದಾನಪತ್ರ ಬಿದ್ದುಹೋಗುತ್ತಂತೆ. ನೀವು ಹೊರಟ ಕೂಡ್ಲೇ ಬಂದ್ರು, ಅರ್ಜಿಗೆ ನಾನು ಸಹಿ ಹಾಕ್ದೆ. ಈಗ ಮಾಮ ಡಾಕ್ಟರನ್ನ ಕರ್ಕೊಂಡು ಮನೆಗೇ ಬಂದಿದ್ದಾರೆ. ಸುಮ್ನೆ ನಾಲ್ಕು ಪ್ರಶ್ನೆ ಕೇಳ್ತಾರಂತೆ."

"ನಂಗೆ ಬುದ್ಧಿ ಕೆಟ್ಟಿದೆ ಅಂತ ನೀನು ಬರ್ಕೊಟ್ಯಾ?"

"ಬರೀ ಕಾಗದಕ್ಕೆ ಅಪ್ಪ. ಮನೆ ಉಳೀಬೇಕಲ್ಲ."

"ಓದಿ ಸಹಿ ಹಾಕಿದ್ಯಾ?"

"ಓದೋಕೇನಿದೆ? ಮಾಮ ಓದಿ ಹೇಳಿದ್ರು."

ಇನ್ಸ್‌ಪೆಕ್ಟರಮ್ಮ ಫೋನಿನ ಕಡೆ ಬಗ್ಗಿದರು. "ದಾನಪತ್ರ ಬಿದ್ದುಹೋದ್ಮೇಲೆ ಆಸ್ತಿ ನೋಡ್ಕೊಳ್ಳೋದು ಯಾರಂತಪ್ಪ?"

"ನಾನೂ ಪುಟ್ಟಿನೂ ಹೀಗೆ ಜಗಳದಲ್ಲಿರೋವಾಗ ನಮ್ಮಿಬ್ಬರ ಕೈಗೂ ಕೊಡಲ್ವಂತೆ. ಸದ್ಯಕ್ಕೆ ಮಾಮನೇ ಗಾರ್ಡಿಯನ್ ಆಗಿರ್ತಾರೆ. ಮನೆ, ಬ್ಯಾಂಕು, ಎಲ್ಲ. ಎಷ್ಟಾದ್ರೂ ಮನೆಯವರಿದ್ದ ಹಾಗೆ. ಬೇಗ ಬನ್ನಿ, ಡಾಕ್ಟರು ಕಾಯ್ತಿದ್ದಾರೆ."

ಫೋನು ಕಟ್ಟಾಯಿತು.

"ಲೆಕ್ಕ ಹೊಂದ್ತು," ಅಂದರು ಇನ್ಸ್‌ಪೆಕ್ಟರಮ್ಮ. "ಮಗಳ ಕೈಲಿ ಮನೆ ಕಸಿಸ್ದ, ಮಗನ ಕೈಲಿ ಮತಿ ಕಸಿಸ್ದ. ತನ್ನ ಕೈಗೆ ಒಂದು ಚೂರೂ ಕೊಳೆ ಮಾಡ್ಕೊಂಡಿಲ್ಲ."

ಮಗಳು ಕೋಟು ಬಿಚ್ಚುತ್ತಿದ್ದಳು. "ನಾನು ಬಂದು ಹೇಳ್ತೀನಿ. ಡಾಕ್ಟರ ಮುಂದೇನೇ ಹೇಳ್ತೀನಿ, ನಾನು ಮೋಸ ಮಾಡಿದ್ದು ಅಂತ."

"ಏನಂತ ಹೇಳ್ತೀಯ? ತಾನು ಏನಕ್ಕೆ ಸಹಿ ಹಾಕ್ತಿದೀನಿ ಅಂತ ಅಪ್ಪನಿಗೆ ಗೊತ್ತಿರ್ಲಿಲ್ಲ ಅಂತ ತಾನೆ? ಅವನೂ ಅದನ್ನೇ ಹೇಳ್ತಿರೋದು. ನಿನ್ನ ಸಾಕ್ಷಿ ಅವನಿಗೇ ಒಪ್ಪಿಸಿದ ಹಾಗಾಗುತ್ತೆ."

"ಹೋಗದೇ ಇದ್ರೆ?" ಯಜಮಾನರು ಕೇಳಿದರು.

"ಮಗಳೂ ಯಾರೋ ಹೊರಗಿನ ಹೆಂಗಸೂ ಸೇರ್ಕೊಂಡು ಮುದುಕನನ್ನ ಬಚ್ಚಿಟ್ರು ಅಂತಾರೆ." ಇನ್ಸ್‌ಪೆಕ್ಟರಮ್ಮ ಫೋಟೋ ಮಡಚದೆ ಚೀಲಕ್ಕೆ ಸೇರಿಸಿದರು. "ನಾನು ಕಣ್ಣಾಸ್ಪತ್ರೆಗೆ ಓಡ್ತೀನಿ. ಅವತ್ತು ನಿಮ್ಮ ಕಣ್ಣಿಗೆ ಔಷಧಿ ಹಾಕಿದ್ರು, ಕೆಟ್ಟಿದ್ದು ಕಣ್ಣು, ತಲೆಯಲ್ಲ ಅಂತ ಆ ಡಾಕ್ಟರ ಬಾಯಲ್ಲೇ ಹೇಳಿಸ್ತೀನಿ. ಅಲ್ಲೀತನಕ ಇಷ್ಟು ಮಾಡಿ. ಕೇಳಿದ್ದಕ್ಕೆ ಮಾತ್ರ ಉತ್ತರ. ಸಿಟ್ಟು ಬೇಡ. ಮುಖ್ಯವಾಗಿ, ಅವನ ಮೇಲೆ ಒಂದು ಮಾತೂ ಬೇಡ. ಮಗಳು ಬೇರೆ ಕನ್ನಡಕ ಹಾಕಿಸಿದ್ಲು, ಗೆಳೆಯ ಉಯಿಲು ಬದಲಾಯಿಸ್ದ, ಮಗ ನನ್ನ ಹುಚ್ಚ ಅಂದ ಅಂತ ನೀವು ಬಾಯಿಬಿಟ್ರೆ, ಕೇಳೋರಿಗೆ ಹೇಗೆ ಕೇಳಿಸುತ್ತೆ ಯೋಚ್ನೆ ಮಾಡಿ."

ಯಜಮಾನರು ಯೋಚಿಸಿದರು. ಅವರದೇ ಕಿವಿಗೂ ಅದು ಹುಚ್ಚನ ಮಾತಿನ ಹಾಗೇ ಕೇಳಿಸಿತು.

* * *

ಮೇಲಿನ ಮನೆಯ ಬಾಗಿಲು ತೆರೆದೇ ಇತ್ತು. ವಕೀಲ ಯಜಮಾನರ ಕುರ್ಚಿಯಲ್ಲಿ ಕೂತಿದ್ದವನು ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟ. ಅದೇ ಕೈ, ಅದೇ ಭಾರ.

"ಬಾರೋ, ಬಾ. ಬಿಸಿಲಲ್ಲಿ ಎಲ್ಲೆಲ್ಲಿ ಅಲೀತೀಯ? ಇವರು ಡಾಕ್ಟರು. ಹೆದರ್ಕೋಬೇಡ, ನಾನಿದೀನಲ್ಲ."

ಈ ಮಾತನ್ನು ಈ ವಾರ ಎಷ್ಟು ಸಲ ಕೇಳಿ ಸಮಾಧಾನ ಪಟ್ಟಿದ್ದರು. ಯಜಮಾನರು ಅವನ ಮುಖವನ್ನೇ ನೋಡಿದರು. ಎಲ್ಲಾದರೂ ಒಂದು ಕಡೆ, ಕಣ್ಣಂಚಿನಲ್ಲೋ ತುಟಿಯಲ್ಲೋ, ಒಂದಿಷ್ಟು ಅಳುಕು ಕಂಡೀತೇ ಎಂದು ಹುಡುಕಿದರು. ಇರಲಿಲ್ಲ. ಆ ಮುಖದಲ್ಲಿದ್ದದ್ದು ಬರೀ ಕಾಳಜಿ. ಅದು ಅವರನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಒಳ್ಳೆಯ ನಗು. ಸೋಫಾದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, "ಏನಿಲ್ಲ ತಾತ, ಸುಮ್ನೆ ಮಾತಾಡೋಣ," ಅಂದರು. ಯಜಮಾನರನ್ನು ಇದುವರೆಗೆ ಯಾರೂ ತಾತ ಎಂದು ಕರೆದಿರಲಿಲ್ಲ.

ಮಗ ಗೋಡೆಗೆ ಒರಗಿ ನಿಂತಿದ್ದ, ಕಣ್ಣು ನೆಲದಲ್ಲಿ. ಮಗಳು ಮೆಟ್ಟಿಲ ಹತ್ತಿರವೇ ನಿಂತುಬಿಟ್ಟಿದ್ದಳು. ವಕೀಲ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕಾಲ ಮೇಲೆ ಕಾಲು ಹಾಕಿ ಕೂತ.

"ಇವತ್ತು ಯಾವ ವಾರ ತಾತ?"

ಯಜಮಾನರು ಹೇಳಿದರು. ತಾರೀಕು, ತಿಂಗಳು, ವರ್ಷ, ಕೇಳುವ ಮೊದಲೇ ಸೇರಿಸಿದರು.

"ನೂರರಿಂದ ಏಳೇಳು ಕಳೀತಾ ಹೋಗಿ ನೋಡೋಣ."

"ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು. ಇನ್ನೂ ಬೇಕಾ? ಗಲ್ಲಾದಲ್ಲಿ ಕೂತು ಕಳೆಯೋದೇ ಕೆಲಸವಾಗಿತ್ತು ತಾಯಿ, ಕೂಡಿದ್ದು ಕಡಿಮೆ."

ಡಾಕ್ಟರು ನಕ್ಕರು. ಬರೆದುಕೊಂಡರು. ಯಜಮಾನರು ವಕೀಲನ ಕಡೆ ನೋಡಲಿಲ್ಲ. ಆದರೆ ಅವನ ಮೇಲಿನ ಕಾಲು ಅಲುಗುವುದು ನಿಂತದ್ದು ಗೊತ್ತಾಯಿತು.

"ಈ ಮನೆ ಯಾರದ್ದು ತಾತ?"

ನನ್ನದು ಅಂದರೆ ಕಾಗದದ ಪ್ರಕಾರ ತಪ್ಪು, ಮಗಳದು ಅಂದರೆ ಒಪ್ಪಿಕೊಂಡ ಹಾಗೆ. ಯಜಮಾನರು ನಿಧಾನವಾಗಿ ಹೇಳಿದರು.

"ಕಟ್ಟಿಸಿದ್ದು ನಾನು. ಕಾಗದದಲ್ಲಿ ಮಗಳ ಹೆಸರಿದೆ. ಹೇಗೆ ಬಂತು ಅಂತ ವಿಚಾರ ನಡೀತಿದೆ."

"ಚೆನ್ನಾಗಿ ಹೇಳಿದ್ರಿ," ಅಂದರು ಡಾಕ್ಟರು. ಅವರ ದನಿಯಲ್ಲಿ ಈಗ ನಿಜವಾದ ಗೌರವವಿತ್ತು. ವಕೀಲನ ಕಡೆ ಒಮ್ಮೆ ನೋಡಿದರು, ಇದಕ್ಕಾ ನನ್ನ ಕರೆಸಿದ್ದು ಅನ್ನುವ ಹಾಗೆ. ಹಾಳೆ ತಿರುಗಿಸಿದರು. ಉಳಿದದ್ದು ಸುಲಭದ ಪ್ರಶ್ನೆಗಳು, ಬರೀ ಶಾಸ್ತ್ರಕ್ಕೆ ಕೇಳುವಂಥವು.

"ನಿಮಗೆ ಮಕ್ಕಳೆಷ್ಟು ಜನ ತಾತ?"

ಯಜಮಾನರು ಬಾಯಿ ತೆರೆದರು.

ಗೋಡೆಗೊರಗಿದ ಮಗ ತಲೆಯೆತ್ತಿ ನೋಡಿದ. ಮೆಟ್ಟಿಲ ಬಳಿಯಿಂದ ಮಗಳು ಒಂದು ಹೆಜ್ಜೆ ಒಳಗಿಟ್ಟಳು. ಯಜಮಾನರು ಅವನನ್ನು ನೋಡಿದರು, ಅವಳನ್ನು ನೋಡಿದರು. ಒಂದು ಚಿಕ್ಕ ಅಂಕಿ. ಎಳೆಯ ಮಗು ಕೂಡ ಹೇಳುವಂಥದ್ದು. ಆದರೆ ಇವರಲ್ಲಿ ತನ್ನವರೆಂದು ಎಷ್ಟು ಜನರನ್ನು ಎಣಿಸುವುದು?

ಕೇಳಿಸಲಿಲ್ಲವೇನೋ ಎಂದು ಡಾಕ್ಟರು ಹತ್ತಿರ ಬಗ್ಗಿ, ಬಿಡಿಸಿ ಬಿಡಿಸಿ, ಇನ್ನೊಮ್ಮೆ ಕೇಳಿದರು.

ಯಜಮಾನರ ಬಾಯಿಂದ ಮಾತು ಹೊರಡಲಿಲ್ಲ.

ಕಿಟಕಿಯ ಬಳಿ ವಕೀಲ ಮೆಲ್ಲಗೆ ನಿಟ್ಟುಸಿರು ಬಿಟ್ಟ. "ಹೇಳಿದ್ನಲ್ಲ ಡಾಕ್ಟರೇ," ಅಂದ.

ಡಾಕ್ಟರ ಮುಖದ ನಗು ಮಾಸಿತು. ಪೆನ್ನು ಹಾಳೆಗೆ ಇಳಿಯಿತು.